ಹಾಸ್ಟೆಲಿನ ಹಿತ್ತಲಿಗೆ ಯಾವ ಕ್ಯಾಮೆರಾ

ನಾನು ಏಣಿ ಹತ್ತಿದರೆ ಸಾಕು, ಕೆಳಗೆ ಯಾರಾದರೊಬ್ಬ ಗಂಡಸು ಬಂದು ನಿಂತು ಸಲಹೆ ಕೊಡಲು ಶುರುಮಾಡುತ್ತಿದ್ದ. "ಸ್ವಲ್ಪ ಎಡಕ್ಕೆ ಮೇಡಂ", "ಡ್ರಿಲ್ ಗಟ್ಟಿಯಾಗಿ ಹಿಡ್ಕೊಳ್ಳಿ ಮೇಡಂ", "ಮನೇಲಿ ಗಂಡಸ್ರು ಯಾರೂ ಇಲ್ವಾ ಮೇಡಂ". ಮೊದಮೊದಲು ಮೇಲಿನಿಂದಲೇ ಉತ್ತರ ಕೊಡುತ್ತಿದ್ದೆ. ಆಮೇಲೆ, ಗೋಡೆ ಕೊರೆಯುವಾಗ ಉದುರುವ ಇಟ್ಟಿಗೆ ಪುಡಿ ನೇರವಾಗಿ ಅವರ ತಲೆಯ ಮೇಲೆ ಬೀಳುವ ಹಾಗೆ ಏಣಿ ಇಟ್ಟುಕೊಳ್ಳುವುದನ್ನು ಕಲಿತೆ. ಸಲಹೆ ಕಡಿಮೆಯಾಯಿತು.

ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿದ್ದು ತೊಂಬತ್ತರ ದಶಕದಲ್ಲಿ. ಕೆಲವು ವರ್ಷ ಬೇರೆಯವರ ಅಂಗಡಿಯಲ್ಲಿ ಕೂತು ಟಿವಿ ರಿಪೇರಿ ಮಾಡಿದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ, ಚಾಮರಾಜಪೇಟೆಯ ನಮ್ಮ ಮನೆಯ ಬೀದಿ ಕಡೆಯ ಕೋಣೆಯಲ್ಲೇ ಕಾವಲು ಕ್ಯಾಮೆರಾಗಳ ಅಂಗಡಿ ತೆರೆದೆ. ಪೇಟೆಯಲ್ಲಿ ಅಕ್ಕಿ ಮಂಡಿ ಇಟ್ಟಿದ್ದ ನಮ್ಮ ದೊಡ್ಡಪ್ಪ ಸುದ್ದಿ ಕೇಳಿ ಬಂದವರು, ಚಪ್ಪಲಿ ಬಿಡುವ ಮೊದಲೇ, "ಹೆಣ್ಮಗಳು ಕಂಬ ಹತ್ತೋದು ನಮ್ಮ ಮನೆತನಕ್ಕೆ ಚೆನ್ನಾಗಿರಲ್ಲ" ಎಂದರು.

"ಕಂಬ ಅಲ್ಲ ದೊಡ್ಡಪ್ಪ, ಏಣಿ."

"ಎರಡೂ ಒಂದೇ."

"ಒಂದೇ ಹೇಗಾಗತ್ತೆ? ಕಂಬ ಹತ್ತೋರಿಗೆ ಸರ್ಕಾರ ಸಂಬಳ ಕೊಡತ್ತೆ. ನನಗೆ ನಿಮ್ಮಂಥೋರೇ ಕೊಡ್ಬೇಕು. ಮಂಡಿಗೆ ಒಂದು ಹಾಕಿಸ್ಕೊಳ್ಳಿ."

ಆವತ್ತು ಕಾಫಿ ಕುಡಿಯದೆ ಎದ್ದು ಹೋದರು. ಮುಂದಿನ ವರ್ಷ ಹಾಕಿಸಿಕೊಂಡರು, ನೆಂಟಸ್ತಿಕೆ ಹೇಳಿ ಚೌಕಾಸಿಯನ್ನೂ ಮಾಡಿದರು.

ಬಿಸಿಲು ಮಳೆಗೆ ಒಡ್ಡಿಕೊಂಡು ಹೊರಗಡೆ ಇರಬೇಕಾದ ಕ್ಯಾಮೆರಾಗಳಲ್ಲಿ ನನಗೆ ಡೋಮೇ ಇಷ್ಟ. ಉದ್ದ ಕೊಳವೆಯಂಥ ಕ್ಯಾಮೆರಾವನ್ನು ಯಾರು ಬೇಕಾದರೂ ಕೋಲಿನಿಂದ ತಿವಿದು ಆಕಾಶದ ಕಡೆ ತಿರುಗಿಸಿಬಿಡಬಹುದು. ಅದರ ಬೆನ್ನ ಮೇಲೆ ಪಾರಿವಾಳಗಳು ಸಂಸಾರ ಹೂಡುತ್ತವೆ. ಡೋಮ್ ಹಾಗಲ್ಲ. ಸೂರಿಗೆ ಬೋರಲು ಹಾಕಿದ ಬಟ್ಟಲಿನ ಹಾಗೆ ಅಂಟಿಕೊಂಡಿರುತ್ತದೆ. ಕಣ್ಣು ಒಳಗೆ, ಮೇಲೊಂದು ಗುಂಡನೆಯ ಮುಚ್ಚಳ. ಆದರೆ ಡೋಮುಗಳೆಲ್ಲ ಒಂದೇ ಅಲ್ಲ ಎಂದು ಗಿರಾಕಿಗಳಿಗೆ ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿಹೋಗುತ್ತಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು: "ಪಕ್ಕದವರು ಹಾಕಿಸಿದಾರಲ್ಲ, ಅದನ್ನೇ ಹಾಕ್ಬಿಡಿ."

ಪಕ್ಕದವರದು ನಿಮಗೇಕೆ? ಮಲ್ಲೇಶ್ವರದ ಒಡವೆ ಅಂಗಡಿಯ ಬಾಗಿಲಿಗೆ ಕಪ್ಪು ಮುಚ್ಚಳದ ಡೋಮ್ ಸರಿ. ಕಣ್ಣು ಯಾವ ಕಡೆ ನೋಡುತ್ತಿದೆ ಎಂದು ಹೊಂಚು ಹಾಕುವವನಿಗೆ ತಿಳಿಯಬಾರದು, ಬೀದಿದೀಪವೂ ಎದುರಿಗೇ ಇರುತ್ತದೆ. ಅದೇ ಕಪ್ಪು ಮುಚ್ಚಳವನ್ನು ಬಸವನಗುಡಿಯಲ್ಲಿ ಮರಗಳ ನೆರಳಿಗೆ ಬಿದ್ದಿರುವ ಕಲ್ಯಾಣ ಮಂಟಪದ ಹಿಂಭಾಗಕ್ಕೆ ಹಾಕಿದರೆ ಸಂಜೆಯಾಗುತ್ತಲೇ ಕುರುಡು. ಅಲ್ಲಿಗೆ ತಿಳಿ ಮುಚ್ಚಳವೇ ಆಗಬೇಕು. ಅವೆನ್ಯೂ ರಸ್ತೆಯ ಕಾಗದದ ಗೋದಾಮಿನ ಮುಂದೆ ಸರಕು ಇಳಿಸುವಾಗ ಏನಾದರೊಂದು ಬಂದು ತಗುಲುತ್ತಲೇ ಇರುತ್ತದೆ, ಅಲ್ಲಿಗೆ ಸುತ್ತಿಗೆ ಪೆಟ್ಟಿಗೂ ಜಗ್ಗದ ಲೋಹದ ಮೈಯದು. ಉಪ್ಪಾರಪೇಟೆಯ ಲಾಡ್ಜೊಂದರ ಮಾಲೀಕರು ರೂಮುಗಳ ಬಾಗಿಲಿಗೆ ಎದುರಾಗಿ ಹಾಕಿ ಎಂದಾಗ, "ಹೊರಮೆಟ್ಟಿಲಿಗೆ ಹಾಕ್ತೀನಿ, ಬಾಗಿಲಿಗೆ ಹಾಕಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿದೆ. ಅವರು ಬೇರೆಯವರನ್ನು ಹುಡುಕಿಕೊಂಡರು. ಹುಡುಕಿಕೊಳ್ಳಲಿ. ಕ್ಯಾಮೆರಾ ಆರಿಸುವುದೆಂದರೆ ಯಾರು ಯಾರನ್ನು ನೋಡಬೇಕು ಎಂದು ತೀರ್ಮಾನ ಮಾಡುವುದು, ಅದನ್ನು ಸೀರೆಯ ಬಣ್ಣ ಆರಿಸುವ ಹಾಗೆ ಮಾಡಲು ನನ್ನಿಂದ ಆಗದು.

ಈಗ ಹಾಸ್ಟೆಲಿನ ವಿಷಯ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಹೊರ ಊರುಗಳಿಂದ ಓದಲು ಬರುವ ಹೆಣ್ಣುಮಕ್ಕಳಿಗಾಗಿ ಹಿಂದಿನ ಕಾಲದ ದಾನಿಗಳು ಕಟ್ಟಿಸಿದ ಒಂದು ಹಾಸ್ಟೆಲ್ ಇತ್ತು. ಅದನ್ನು ನಡೆಸುವ ಸಮಿತಿಯ ಅಧ್ಯಕ್ಷರು ಪೇಟೆಯ ಬಟ್ಟೆ ವ್ಯಾಪಾರಿ. ಬಿಳಿ ಪಂಚೆ, ಹಣೆಯ ತುಂಬ ವಿಭೂತಿ. ಹುಡುಗಿಯರ ಊಟಕ್ಕೆ ಎಂದೂ ಕೈ ಬಿಗಿ ಹಿಡಿದವರಲ್ಲ, ಹಬ್ಬದ ದಿನ ತಾವೇ ನಿಂತು ಹೋಳಿಗೆ ಬಡಿಸುವವರು. ಹುಡುಗಿಯರು ಬಾಯಿ ತೆರೆದು ಮಾತಾಡಿದರೆ ಮಾತ್ರ ಅವರಿಗೆ ಮೈಮೇಲೆ ಇರುವೆ ಬಿಟ್ಟ ಹಾಗಾಗುತ್ತಿತ್ತು.

ಅವರು ನನ್ನನ್ನು ಕರೆಸಿದ್ದು ಗೇಟಿಗೆ, ಮುಂಬಾಗಿಲಿಗೆ, ಹಿತ್ತಲಿಗೆ ಡೋಮ್ ಹಾಕಿಸಲು. ಗೇಟು, ಮುಂಬಾಗಿಲು ಸರಿ. ಹಿತ್ತಲೆಂದರೆ ಹುಡುಗಿಯರು ಬಟ್ಟೆ ಒಗೆದು ಒಣಹಾಕುವ ಜಾಗ, ಪಕ್ಕದಲ್ಲೇ ಬಚ್ಚಲು. "ಅಲ್ಲಿಗೆ ಯಾಕೆ ಸಾರ್?" ಎಂದೆ. ಹಿಂದಿನ ಗೋಡೆ ಗಿಡ್ಡ, ಆಚೆ ಗಲ್ಲಿ, ಯಾರಾದರೂ ಹಾರಿ ಬಂದರೆ ಎಂದರು. ಹಾಗಾದರೆ ಗೋಡೆಯನ್ನಷ್ಟೇ ನೋಡುವ ಕ್ಯಾಮೆರಾ ಹಾಕುತ್ತೇನೆ, ತಿರುಗುವಂಥದ್ದು ಬೇಡ, ಕಪ್ಪು ಮುಚ್ಚಳವೂ ಬೇಡ, ಕಣ್ಣು ಯಾವ ಕಡೆ ಇದೆ ಎಂದು ಹುಡುಗಿಯರಿಗೆ ಕಾಣುತ್ತಿರಲಿ ಎಂದೆ. ಅದಕ್ಕೆ ಒಪ್ಪಿದರು. ರಾತ್ರಿಯ ಬೆಳಕಿಗೆ ಮಾತ್ರ ಒಪ್ಪಲಿಲ್ಲ. ಗೋಡೆಗೊಂದು ಟ್ಯೂಬ್‌ಲೈಟ್ ಹಾಕಿಸಿ, ಸಾಮಾನ್ಯ ಡೋಮ್ ಸಾಕು ಎಂದು ನಾನು. ಗೆಳೆಯರ ಗೋದಾಮಿನಲ್ಲಿ ಮುಚ್ಚಳದ ಒಳಗೇ ದೀಪ ಇರುವ ಡೋಮ್ ನೋಡಿದೀನಿ, ಕಗ್ಗತ್ತಲಲ್ಲೂ ಕಾಣತ್ತೆ, ಅದೇ ಬೇಕು ಎಂದು ಅವರು.

"ಅದು ಮುಚ್ಚಿದ ಗೋದಾಮು ಸಾರ್. ಇದು ಧೂಳು, ತೇವ, ಒಗೆಯೋ ನೀರಿನ ಹನಿ ಎಲ್ಲ ಹಾರೋ ಹಿತ್ತಲು. ಇಲ್ಲಿಗೆ ಅದು ಹೊಂದಲ್ಲ."

"ಹಾಕಿಸ್ಕೊಳ್ಳೋರು ನಾವಮ್ಮ."

ಹಾಕಿದೆ. ಮುಚ್ಚಳವನ್ನು ಆಗಾಗ ಮೆತ್ತನೆ ಬಟ್ಟೆಯಲ್ಲಿ ಒರೆಸಿಸುತ್ತಿರಿ ಎಂದು ವಾರ್ಡನ್ ಅಮ್ಮನಿಗೆ ಹೇಳಿದೆ.

ನಾನು ಏಣಿಯ ಮೇಲಿದ್ದಾಗಲೇ ಒಬ್ಬ ಹುಡುಗಿ ಕೆಳಗೆ ಬಂದು ನಿಂತಳು. ಸಲಹೆ ಕೊಡಲಿಲ್ಲ. "ಅಕ್ಕ, ಇದು ಎಲ್ಲಿವರೆಗೂ ನೋಡತ್ತೆ?" ಎಂದು ಕೇಳಿದಳು. ಬಿಕಾಂ ಕೊನೆಯ ವರ್ಷ, ತಿಪಟೂರು ಕಡೆಯವಳು. ಹಿತ್ತಲಿಗೆ ತೆರೆಯುವ ಕೊನೆಯ ಕೋಣೆ ಅವಳದು. ಸಂಜೆ ಹೊತ್ತು ವಾರ್ಡನ್ ಅಮ್ಮನ ಒಪ್ಪಿಗೆಯಿಂದಲೇ ಮೆಡಿಕಲ್ ಸ್ಟೋರೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಆಫೀಸಿನಲ್ಲಿದ್ದ ಟಿವಿಯ ಮುಂದೆ ಅವಳನ್ನು ಕರೆದುಕೊಂಡು ಹೋಗಿ ತೋರಿಸಿದೆ: ಗೋಡೆಯ ತಲೆ, ಅದರ ಬುಡದ ಒಂದು ಪಟ್ಟಿ ನೆಲ, ಅಷ್ಟೇ. ಹಗ್ಗವಿಲ್ಲ, ಬಟ್ಟೆಯಿಲ್ಲ, ಕಿಟಕಿಯಿಲ್ಲ. ಅವಳು ಹೋಗಿ ಉಳಿದವರನ್ನೂ ಕರೆತಂದಳು. ಅಷ್ಟು ಹೊತ್ತಿಗೆ ಅಧ್ಯಕ್ಷರು ಬಂದು, ಆಫೀಸು ತುಂಬ ಹುಡುಗಿಯರನ್ನು ಕಂಡು ಮುಖ ಗಂಟು ಹಾಕಿಕೊಂಡರು.

"ಇವರಿಗೆಲ್ಲ ಯಾಕೆ ತೋರಿಸ್ತೀರಿ?"

"ಹಿತ್ತಲು ಅವರದೇ ಅಲ್ವಾ ಸಾರ್" ಎಂದೆ. ಆ ಹುಡುಗಿ ಅದಕ್ಕೆ ಸೇರಿಸಿ, "ನಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ಸಾರ್" ಎಂದಳು. ಅವರು ಅವಳ ಮುಖವನ್ನು ಸರಿಯಾಗಿ ನೋಡಿಟ್ಟುಕೊಂಡರು.

ದಸರಾ ಕಳೆದ ಮೇಲೆ ಅವರಿಂದ ಫೋನ್ ಬಂತು. "ಹಿತ್ತಲ ಕ್ಯಾಮೆರಾದಲ್ಲಿ ಒಬ್ಬ ಸಿಕ್ಕಿದಾನೆ. ಹಬ್ಬದ ರಾತ್ರಿ ಗೋಡೆ ಇಳಿದು ಬಂದಿದಾನೆ. ಮುಖ ಮಾತ್ರ ತಿಳೀತಾ ಇಲ್ಲ. ಬಂದು ಸ್ವಲ್ಪ ಕ್ಲಿಯರ್ ಮಾಡಿ ಫೋಟೋ ತೆಗೆದುಕೊಡಿ."

ಹೋದೆ. ಆಫೀಸಿನಲ್ಲಿ ಅಧ್ಯಕ್ಷರು ಕೂತಿದ್ದರು, ವಾರ್ಡನ್ ಅಮ್ಮ ಪಕ್ಕದಲ್ಲಿ. ಮೂಲೆಯ ಕುರ್ಚಿಯ ತುದಿಯಲ್ಲಿ, ಬಿದ್ದುಬಿಡುತ್ತಾರೇನೋ ಎನ್ನುವ ಹಾಗೆ, ಒಬ್ಬರು ಕೈಮುಗಿದುಕೊಂಡೇ ಕೂತಿದ್ದರು. ಆ ಹುಡುಗಿ ಗೋಡೆಗೆ ಒರಗದೆ ನೆಟ್ಟಗೆ ನಿಂತಿದ್ದಳು. ಕೂತಿದ್ದವರು ಅವಳ ಅಪ್ಪ, ಊರಿನಲ್ಲಿ ದರ್ಜಿ. ಮಗಳನ್ನು ಕರೆದುಕೊಂಡು ಹೋಗಿ ಎಂದು ಫೋನ್ ಮಾಡಿದ್ದಕ್ಕೆ ಬೆಳಗಿನ ಬಸ್ಸಿಗೆ ಬಂದಿದ್ದರು. ಆ ರಾತ್ರಿ ಉಳಿದವರೆಲ್ಲ ಹಬ್ಬಕ್ಕೆ ಊರಿಗೆ ಹೋಗಿದ್ದರು; ಕೆಲಸವಿದ್ದದ್ದರಿಂದ ಇವಳೂ ಇನ್ನು ಕೆಲವರೂ ಮಾತ್ರ ಹಾಸ್ಟೆಲಿನಲ್ಲಿದ್ದರು. ಹಿತ್ತಲ ಪಕ್ಕದ ಕೋಣೆ ಇವಳದು. ಗೋಡೆ ಇಳಿದವನು ಇವಳಿಗಾಗಿಯೇ ಇಳಿದವನು ಎಂದು ಅಧ್ಯಕ್ಷರು ತೀರ್ಮಾನಿಸಿ, ಹುಡುಗಿಯರೆಲ್ಲ ವಾಪಸ್ ಬಂದ ಮೇಲೆ, ಹಿಂದಿನ ದಿನ ಊಟದ ಮನೆಯಲ್ಲಿ ಎಲ್ಲರೆದುರಿಗೆ ಹೇಳಿ, ಸೀಟು ರದ್ದು ಎಂದೂ ಸಾರಿಬಿಟ್ಟಿದ್ದರು.

"ಊರಿಗೆ ಹೋದ್ರೆ ಕಾಲೇಜು ಮುಗೀತು ಅಕ್ಕ" ಎಂದಳು ಹುಡುಗಿ, ನನ್ನನ್ನೇ ನೋಡಿ. "ಪರೀಕ್ಷೆ ಕಟ್ಟೋಕೂ ಬಿಡಲ್ಲ. ಸೋದರಮಾವನಿಗೆ ಕೊಡ್ಬೇಕು ಅಂತ ಅಜ್ಜಿ ಕಾಯ್ತಾ ಕೂತಿದಾರೆ. ಈ ಸುದ್ದಿ ಹೋದ್ರೆ ಮುಗಿದೇ ಹೋಯ್ತು."

"ಸುಮ್ನಿರು" ಎಂದರು ಅಪ್ಪ.

ಟಿವಿಯಲ್ಲಿ ಹಾಕಿ ತೋರಿಸಿದರು. ನಿಜಕ್ಕೂ ಇತ್ತು. ಕತ್ತಲಲ್ಲಿ ಗೋಡೆಯ ಮೇಲೆ ಬೆಳ್ಳಗೆ, ಬಾಗಿದ ಬೆನ್ನಿನ ಹಾಗೆ ಏನೋ ಒಂದು ಕಂಡು, ಕೆಳಗಿಳಿದು, ನೆಲದ ಹತ್ತಿರ ಹರಡಿಕೊಂಡಿತು. "ಬಿಳಿ ಶರ್ಟು, ನೋಡಿ" ಎಂದರು ಅಧ್ಯಕ್ಷರು. ರಾತ್ರಿಯಿಡೀ ಆಗಿದ್ದನ್ನು ಕೂತು ನೋಡಲು ಅವರಿಗೆ ಪುರುಸೊತ್ತಿರಲಿಲ್ಲ. ವೇಗವಾಗಿ ಓಡಿಸಿಯೇ ನೋಡಿದ್ದರು, ನನಗೂ ಹಾಗೆಯೇ ಓಡಿಸಿ ತೋರಿಸುತ್ತಿದ್ದರು. ನಿಧಾನ ಮಾಡಿ ಎಂದೆ. ನಿಧಾನ ಮಾಡಿದರೆ ಆ ಬಿಳಿ ಶರ್ಟಿನವನು ಅರ್ಧ ರಾತ್ರಿ ಗೋಡೆಯ ಮೇಲೇ ಕೂತಿದ್ದ. ಅಷ್ಟು ಸಾವಕಾಶವಾಗಿ ಗೋಡೆ ಇಳಿಯುವ ಕಳ್ಳನನ್ನು ನಾನು ನೋಡಿರಲಿಲ್ಲ. ಸೀದಾ ಹಿತ್ತಲಿಗೆ ಹೋಗಿ ಏಣಿ ಹಾಕಿದೆ.

ಡೋಮಿನ ಮುಚ್ಚಳದ ಮೇಲೆ ಅಚ್ಚುಕಟ್ಟಾಗಿ ಮೂರು ಪಟ್ಟೆ ವಿಭೂತಿ. ನಡುವೆ ಕುಂಕುಮ. ಪಟ್ಟೆಯ ಒಂದು ತುದಿ ನೀರಿಗೆ ಕರಗಿ ಕೆಳಕ್ಕೆ ಹರಿದು ಒಣಗಿತ್ತು.

ಆಯುಧಪೂಜೆ. ನಮ್ಮ ಪೇಟೆಗಳಲ್ಲಿ ಆ ದಿನ ತಕ್ಕಡಿ, ಹೊಲಿಗೆ ಯಂತ್ರ, ಸ್ಕೂಟರ್, ನೀರೆತ್ತುವ ಮೋಟಾರು, ಯಾವುದನ್ನೂ ಬಿಡುವುದಿಲ್ಲ. ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಹಚ್ಚಿದ್ದನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಅಳಿಸಿಹೋಗುವವರೆಗೂ ಇರುತ್ತದೆ. ನಾನೂ ನನ್ನ ಡ್ರಿಲ್ಲಿಗೆ ಹಚ್ಚಿದ್ದೆ. ಡ್ರಿಲ್ಲಿಗೆ ಹಣೆ ಎಲ್ಲಿದ್ದರೂ ನಡೆಯುತ್ತದೆ.

"ಇದನ್ನ ಯಾರು ಹಚ್ಚಿದ್ದು?" ಎಂದು ಮೇಲಿನಿಂದ ಕೇಳಿದೆ. ವಾರ್ಡನ್ ಅಮ್ಮ ಸೆರಗು ಸರಿಮಾಡಿಕೊಂಡು, "ಅಧ್ಯಕ್ಷರೇ ಏಣಿ ಹತ್ತಿ ಹಚ್ಚಿದ್ರು, ಭಕ್ತಿಯಿಂದ" ಎಂದರು. ಮಳೆ ಬಂದಿತ್ತಾ ಎಂದೆ. ಆಯುಧಪೂಜೆಯ ರಾತ್ರಿ ತುಂತುರು ಬಿದ್ದಿತ್ತು ಎಂದರು.

ಕೆಳಗಿಳಿದು ಆಫೀಸಿಗೆ ಬಂದು ವಿಷಯ ಬಿಡಿಸಿ ಹೇಳಿದೆ. ಮುಚ್ಚಳದ ಒಳಗಿನ ದೀಪಗಳ ಬೆಳಕು ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಗೆ ಕಾಣುತ್ತದೆ. ಮುಚ್ಚಳದ ಮೇಲೆ ಬೂದಿ ಬಳಿದರೆ ಆ ಬೆಳಕು ಹೊರಗೆ ಹೋಗದೆ ಬೂದಿಗೆ ಬಡಿದು ವಾಪಸ್ ಕಣ್ಣಿಗೇ ಬೀಳುತ್ತದೆ. ಬೂದಿ ಬೆಳ್ಳಗೆ ಹೊಳೆಯುತ್ತದೆ, ಮಳೆಗೆ ಕರಗಿದರೆ ಇಳಿದು ಬರುತ್ತದೆ. ಗೇಟಿನ ಡೋಮಿಗೂ ಇವರು ಹಚ್ಚಿದ್ದರು. ಅದರೊಳಗೆ ದೀಪವಿಲ್ಲ, ಹಾಗಾಗಿ ಅಲ್ಲಿ ಬರೀ ಮಸುಕು ಕಂಡಿತ್ತು, ಬಿಳಿ ಶರ್ಟಿನವನು ಕಂಡಿರಲಿಲ್ಲ.

ಅಧ್ಯಕ್ಷರ ಮುಖ ಕೆಂಪಾಯಿತು. "ವಿಭೂತಿಗೇ ಹೆಸರಿಡ್ತೀರಾ ನೀವು?"

"ವಿಭೂತಿ ಹಣೆಗೆ ಸಾರ್. ನೀವು ಹಚ್ಚಿದ್ದು ಕಣ್ಣಿಗೆ."

"ನಮ್ಮ ಕಣ್ಣಿಗೆ ಮಣ್ಣೆರಚೋಕೆ ನೋಡ್ಬೇಡಿ. ಮೊದಲಿಂದ ನೀವು ಈ ಹುಡುಗಿ ಪರ."

ಮೈ ಉರಿದುಹೋಯಿತು. ಪರ ಎನ್ನುವುದಾದರೆ ಹೌದು, ಪರವೇ ಎಂದೆ, ಆದರೆ ಬೂದಿ ಯಾರ ಪರವೂ ಅಲ್ಲ, ನೀವೇ ನೋಡಿ. ಅಂಗಡಿಗೆ ಹೋಗಿ ಅದೇ ಬಗೆಯ ಇನ್ನೊಂದು ಡೋಮ್ ತಂದೆ. ಹಾಸ್ಟೆಲಿನ ಉಗ್ರಾಣಕ್ಕೆ ಕಿಟಕಿಯಿರಲಿಲ್ಲ, ಬಾಗಿಲು ಹಾಕಿದರೆ ಹಗಲಲ್ಲೂ ಕಗ್ಗತ್ತಲು. ಅಕ್ಕಿ ಮೂಟೆಗಳ ಮೇಲೆ ಡೋಮನ್ನು ಗೋಡೆ ಕಡೆಗೆ ತಿರುಗಿಸಿ ಇಟ್ಟು, ವೈರ್ ಎಳೆದು, ಟಿವಿಯನ್ನು ಹೊರಗಿನ ಪಡಸಾಲೆಯಲ್ಲಿಟ್ಟೆ. ಬಾಗಿಲು ಹಾಕಿದಾಗ ಟಿವಿಯಲ್ಲಿ ಬರೀ ಗೋಡೆ, ಚೊಕ್ಕವಾಗಿ ಕಂಡಿತು. ಬಾಗಿಲು ತೆರೆದು, ವಿಭೂತಿಯ ಗಟ್ಟಿಯನ್ನು ನೆನೆಸಿ ಅಧ್ಯಕ್ಷರ ಮುಂದೆ ಹಿಡಿದೆ.

"ನೀವೇ ಹಚ್ಚಿ. ನಾನು ಹಚ್ಚಿದ್ರೆ ಆಮೇಲೆ ಇನ್ನೇನೋ ಹೇಳ್ತೀರಿ."

ದೇವರ ಪ್ರಸಾದಕ್ಕೆ ಅವರು ಇಲ್ಲ ಎನ್ನುವಂತಿರಲಿಲ್ಲ. ತೋಳು ಮಡಚಿ, ಮೂರು ಬೆರಳಲ್ಲಿ ಎಳೆದರು. ರೂಢಿಯಿಂದಲೋ ಏನೋ, ಕಣ್ಣನ್ನೂ ಮುಚ್ಚಿಕೊಂಡರು. ಬಾಗಿಲು ಹಾಕಿದೆವು. ಟಿವಿಯಲ್ಲಿ, ಗೋಡೆಯ ಮೇಲೆ, ಬಿಳಿ ಶರ್ಟಿನವನು ಬೆನ್ನು ಬಾಗಿಸಿ ಕೂತಿದ್ದ. ವಾರ್ಡನ್ ಅಮ್ಮ "ಅಯ್ಯೋ ಶಿವನೆ" ಎಂದರು. ಹುಡುಗಿ ಉಗ್ರಾಣದೊಳಕ್ಕೆ ಹೋಗಿ ಲೋಟದಿಂದ ಡೋಮಿನ ಮೇಲೆ ನೀರು ಚಿಮುಕಿಸಿದಳು. ಬಾಗಿಲು ಹಾಕಿಕೊಂಡು ಕಾದೆವು. ಬಿಳಿ ಶರ್ಟಿನವನು ಜಾರಿಕೊಂಡು ಗೋಡೆ ಇಳಿದ.

ಅಧ್ಯಕ್ಷರು ಬೆರಳಿಗೆ ಅಂಟಿದ್ದ ವಿಭೂತಿಯನ್ನು ಒರೆಸಿಕೊಂಡರು. ಆಮೇಲೆ, ಅಂಗಡಿಯಲ್ಲಿ ಗಿರಾಕಿಯ ಮುಂದೆ ಮಾತು ಬದಲಾಯಿಸುವ ಧಾಟಿಯಲ್ಲಿ, "ಹಾಗಾದ್ರೆ ಹಿತ್ತಲಿಗೆ ಯಾವ ಕ್ಯಾಮೆರಾ ಹಾಕೋದು?" ಎಂದು ಕೇಳಿದರು.

"ಯಾವುದೂ ಬೇಡ. ಟ್ಯೂಬ್‌ಲೈಟ್ ಹಾಕ್ಸಿ. ಗೋಡೆ ಎತ್ತರ ಮಾಡ್ಸಿ."

ತಾನಾಗಿ ಬಂದ ವ್ಯಾಪಾರವನ್ನು ಒದ್ದವಳು ಎಂದು ಆಮೇಲೆ ಮನೆಯಲ್ಲಿ ನನ್ನನ್ನು ಆಡಿಕೊಂಡರು. ಆಡಿಕೊಳ್ಳಲಿ. ಹಿತ್ತಲಿಗೆ ಹೋಗಿ ಡೋಮನ್ನು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬಂದೆ, ಅಧ್ಯಕ್ಷರು ಬೇಡ ಎನ್ನಲಿಲ್ಲ.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಅವರು ಕೊಸರು ತೆಗೆದರು. ಹುಡುಗಿ ಇರಲಿ, ಸೀಟು ರದ್ದು ಮಾಡುವುದಿಲ್ಲ. ಆದರೆ ನಿನ್ನೆಯಿಂದ ದೊಡ್ಡವರಿಗೆ ಎದುರುತ್ತರ ಕೊಟ್ಟಿದ್ದಾಳೆ, ಅದಕ್ಕೊಂದು ಕ್ಷಮಾಪಣೆ ಪತ್ರ ಬರೆದುಕೊಡಲಿ, ಸಮಿತಿಯ ಮರ್ಯಾದೆ ಉಳಿಯಬೇಕಲ್ಲ.

"ಬರೆಯಲ್ಲ" ಎಂದಳು ಹುಡುಗಿ.

"ನೋಡಿದ್ರಾ ಇವರೆ, ನಿಮ್ಮ ಮಗಳ ಬಾಯಿ" ಎಂದು ಅಧ್ಯಕ್ಷರು ಅಪ್ಪನ ಕಡೆ ತಿರುಗಿದರು. ಬೆಳಗಿನಿಂದ ಮುಗಿದ ಕೈ ಬಿಡಿಸದ ಮನುಷ್ಯ, ಬರೆದುಬಿಡು ಮಗಳೇ ಎನ್ನುತ್ತಾರೆ, ಅಪ್ಪ ಹೇಳಿದ ಮೇಲೆ ಅವಳು ಬರೆಯುತ್ತಾಳೆ, ಓದು ಮುಗಿಯುವವರೆಗೂ ಅವಳನ್ನು ಹೆದರಿಸಲು ಆ ಹಾಳೆ ಇವರ ಡ್ರಾಯರಿನಲ್ಲಿರುತ್ತದೆ ಎಂದುಕೊಂಡೆ.

ಅಪ್ಪ ಎದ್ದು ನಿಂತರು. ಕೈ ಬಿಡಿಸಿಕೊಂಡರು. "ಯಜಮಾನ್ರೆ, ನಾನು ಬಸ್ ಹತ್ತೋವಾಗ ಎಲ್ಲರೂ ಕೇಳಿದ್ರು, ಮಗಳನ್ನ ಕರ್ಕೊಂಡು ಬರೋಕೆ ಹೋಗ್ತಿದೀಯಂತಲ್ಲ, ಏನಾಯ್ತು ಅಂತ. ನಾನು ತಲೆ ಎತ್ತಲಿಲ್ಲ. ಈಗ ಒಬ್ನೇ ವಾಪಸ್ ಹೋಗ್ತೀನಿ, ಮತ್ತೆ ಕೇಳ್ತಾರೆ. ತಪ್ಪು ನಮ್ಮದಲ್ಲ ಅಂತ ಹೇಳ್ಬೇಕು ನಾನು. ಅವಳು ಕಾಗದ ಬರೆದ್ರೆ ಹೇಗೆ ಹೇಳ್ಲಿ?" ಎಂದರು. "ನೀವು ಊಟದ ಮನೇಲಿ ಎಲ್ಲರ ಮುಂದೆ ಹೇಳಿದ್ರಂತೆ. ಇದನ್ನೂ ಅಲ್ಲೇ ಹೇಳಿ" ಎಂದರು.

ಊಟದ ಗಂಟೆ ಬಾರಿಸಿತ್ತು. ಹುಡುಗಿಯರು ಉದ್ದಕ್ಕೆ ಸಾಲಾಗಿ ಕೂತಿದ್ದರು, ಅನ್ನ ಬಡಿಸಿಯಾಗಿತ್ತು. ಅಧ್ಯಕ್ಷರು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡರು. ನಾವೆಲ್ಲ ಅವರ ಹಿಂದೆ. ಹುಡುಗಿ ಹೋಗಿ ತನ್ನ ಜಾಗದಲ್ಲಿ ತಟ್ಟೆಯ ಮುಂದೆ ನಿಂತಳು, ಕೂರಲಿಲ್ಲ.

"ನಿನ್ನೆ ಹೇಳಿದ ವಿಷಯ" ಎಂದರು ಅಧ್ಯಕ್ಷರು, "ಅದು ಕ್ಯಾಮೆರಾದಲ್ಲಿ ಆದ ಒಂದು ಇದು. ಯಾರೂ ಬಂದಿರಲಿಲ್ಲ. ತಪ್ಪು ತಿಳುವಳಿಕೆ ಆಯ್ತು. ಈ ಮಗು ಇಲ್ಲೇ ಇರ್ತಾಳೆ. ಊಟ ಮಾಡಿ."

ಅವರು ತಿರುಗಿದರು. ಯಾರೂ ಅನ್ನಕ್ಕೆ ಕೈ ಹಾಕಲಿಲ್ಲ.

"ಯಾರ ತಪ್ಪು ಸಾರ್?" ಎಂದಳು ಹುಡುಗಿ. ಗಟ್ಟಿಯಾಗಿ ಕೇಳಲಿಲ್ಲ, ಆದರೆ ಸಾರು ಬಡಿಸುತ್ತಿದ್ದ ಅಡುಗೆಯಮ್ಮ ಸೌಟು ಹಿಡಿದುಕೊಂಡು ಹಾಗೇ ನಿಂತದ್ದರಿಂದ ಎಲ್ಲರಿಗೂ ಕೇಳಿಸಿತು.

ಅಧ್ಯಕ್ಷರು ವಾರ್ಡನ್ ಅಮ್ಮನನ್ನು ನೋಡಿದರು. ವಾರ್ಡನ್ ಅಮ್ಮ ನೆಲ ನೋಡಿದರು. ಅಧ್ಯಕ್ಷರು ಆಮೇಲೆ ನನ್ನನ್ನು ನೋಡಿದರು. ನಾನು ಕಣ್ಣು ತೆಗೆಯಲಿಲ್ಲ.

"ನಂದು" ಎಂದರು. "ನನ್ನಿಂದ ಆದ ತಪ್ಪು."

ಹುಡುಗಿ ಕೂತು, ತಟ್ಟೆಯನ್ನು ಅಡುಗೆಯಮ್ಮನ ಕಡೆಗೆ ಸ್ವಲ್ಪ ಸರಿಸಿ, "ಸಾರು ಹಾಕಿ" ಎಂದಳು.